ಬೇಹಿನ ಚಾವಡಿ

ಮೈಸೂರಿನ ಚಿಕ್ಕದೇವರಾಜ ಒಡೆಯರು (ಕ್ರಿ.ಶ. 1673–1704) ರಾಜ್ಯದ ಆಡಳಿತವನ್ನು ಹದಿನೆಂಟು ಚಾವಡಿಗಳಾಗಿ ವಿಂಗಡಿಸಿದ ಸಂಗತಿಯು ಚರಿತ್ರಕಾರರಿಗೆ ಸುವಿದಿತವಾದುದೇ ಆಗಿದೆ. ನಿರೂಪದ ಚಾವಡಿ, ಆಯಕಟ್ಟಿನ ಚಾವಡಿ, ಸುಂಕದ ಚಾವಡಿ ಮೊದಲಾದವುಗಳ ಸಾಲಿನಲ್ಲಿಯೇ ಬೇಹಿನ ಚಾವಡಿ ಎಂಬುದೊಂದು ಇದ್ದಿತು. ಅಂಚೆಯ ವ್ಯವಹಾರವೆಲ್ಲವೂ ಇದಕ್ಕೆ ಸೇರಿದ್ದಿತು. ಬೇಹು ಎಂದರೆ ಗೂಢಚರ್ಯೆ, ಬೇಹಿನವನೆಂದರೆ ಗೂಢಚಾರನು. ಓಲೆಗಳನ್ನು ಸಾಗಿಸತಕ್ಕ ಇಲಾಖೆಗೆ ಇಂತಹ ಹೆಸರು ಬಂದುದೇಕೆಂಬುದು ವಿಚಾರಾರ್ಹವಾಗಿದೆ.

ಇದಕ್ಕೆ ಉತ್ತರವು ಕರ್ನಲ್ ಮಾರ್ಕ್ ವಿಲ್ಕ್ಸನ ಗ್ರಂಥದಲ್ಲಿ ದೊರೆಯುತ್ತದೆ. 1803ರಿಂದ 1808ರ ವರೆಗೆ ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಈತನು, ಅಂಚೆಯ ಮುಖ್ಯಸ್ಥರು ಆಸ್ಥಾನದ ಆಪ್ತ ಪ್ರತಿನಿಧಿಗಳಾಗಿದ್ದರೆಂದೂ, ಅವರ ಕೈಕೆಳಗಿನ ನೌಕರರು ತಾವಿದ್ದ ಸೀಮೆಯ ಗುಟ್ಟಿನ ಸಂಗತಿಗಳನ್ನು ಕ್ರಮವಾಗಿ ವರದಿಮಾಡುತ್ತಿದ್ದ ಬೇಹುಗಾರರೇ ಆಗಿದ್ದರೆಂದೂ ಬರೆದಿರುವನು. ಹೈದರಲ್ಲಿಯ ಕಾಲದಲ್ಲಿ ಈ ಏರ್ಪಾಡು ಇನ್ನಷ್ಟು ಭಯಂಕರವಾಯಿತೆಂಬುದು ಅವನ ಅಭಿಪ್ರಾಯ. ಶ್ರೀರಂಗಪಟ್ಟಣವು 1799ರಲ್ಲಿ ಬಿದ್ದ ಬಳಿಕ ವಿಜೇತರ ಪಕ್ಷದವನೊಬ್ಬನು ಬರೆದ ಮಾತು ಇದಾದುದರಿಂದ, ಹೈದರನನ್ನು ಕುರಿತ ಅವನ ವಿಶೇಷಣಗಳನ್ನು ಎಚ್ಚರಿಕೆಯಿಂದಲೇ ಸ್ವೀಕರಿಸಬೇಕು. ಆದರೆ ಅಂಚೆಯೂ ಬೇಹೂ ಒಂದೇ ಮನೆಯವೆಂಬುದಕ್ಕೆ ಚಾವಡಿಯ ಹೆಸರೇ ಸಾಕ್ಷಿಯಾಗಿದೆ.

ಒಡೆಯನು ಸೇವಕರ ಮನೆವಾರ್ತೆಯನ್ನು ವಿಚಾರಿಸುವ ಪದ್ಧತಿಯು ಚಿಕ್ಕದೇವರಾಜರಿಂದ ಮೊದಲಾದುದಲ್ಲ. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಇದು ವಿಸ್ತಾರವಾಗಿ ನಿರೂಪಿತವಾಗಿದೆ. ಅಮಾತ್ಯರನ್ನು ಧರ್ಮ, ಅರ್ಥ, ಕಾಮ, ಭಯಗಳೆಂಬ ನಾಲ್ಕು ಉಪಧೆಗಳಿಂದ ಪರೀಕ್ಷಿಸಬೇಕೆಂದು ಅಲ್ಲಿ ವಿಧಿಸಿದೆ. ಎರಡನೆಯ ಅಧಿಕರಣದ ಒಂಬತ್ತನೆಯ ಅಧ್ಯಾಯವಾದರೋ ಅಧಿಕಾರಿಗಳ ಸಂಸಾರದ ವೆಚ್ಚವನ್ನೇ ನೋಡುತ್ತದೆ. ಪಿತ್ರಾರ್ಜಿತವನ್ನು ಅನ್ಯಾಯವಾಗಿ ಕರಗಿಸತಕ್ಕವನು ಮೂಲಹರ. ಬಂದುದನ್ನು ಬಂದಂತೆಯೇ ಉಣ್ಣುವವನು ತಾದಾತ್ವಿಕ. ತನ್ನನ್ನೂ ಆಳುಗಳನ್ನೂ ಬಳಲಿಸಿ ಕೂಡಿಡುವವನು ಕದರ್ಯ. ಈ ಮೂವರನ್ನೂ ತಡೆಯಬೇಕೆಂಬುದು ಶಾಸ್ತ್ರಕಾರನ ಮತ. ಬೊಕ್ಕಸದ ಹಣವು ಮನೆಗೆ ಹರಿಯುವುದೇ ಎಂಬ ಶಂಕೆಯು ಈ ನೋಟಕ್ಕೆ ಕಾರಣವಾಗಿದೆ.

ಕೌಟಿಲ್ಯನು ಮೃದುವಾದವನೆಂದು ಯಾರೂ ಹೇಳಲಾರರು. ರಾಣಿಯು ನಿನ್ನನ್ನು ಬಯಸಿರುವಳೆಂದು ಸುಳ್ಳು ಸುದ್ದಿಯನ್ನು ಹೇಳಿಸಿ ಅಮಾತ್ಯನ ಶೀಲವನ್ನು ಪರೀಕ್ಷಿಸತಕ್ಕ ವಿಧಿಯೂ ಅವನದೇ. ಆದರೂ ಆತನು ಚಾರರಿಗೆ ಒಂದು ಕಟ್ಟನ್ನು ಹಾಕಿರುವನು. ಮೂವರು ಚಾರರ ವರ್ತಮಾನವು ಒಂದಾದರೆ ಅದನ್ನು ನಂಬತಕ್ಕದ್ದು. ಪದೇ ಪದೇ ತಪ್ಪಿದರೆ ಚಾರರೇ ದಂಡನೀಯರು. ಬೇಹಿನ ಚಾವಡಿಯಲ್ಲಿ ಗಮನಾರ್ಹವಾದ ವ್ಯತ್ಯಾಸವು ಬೇರೊಂದು. ಕೌಟಿಲ್ಯನ ಚಾರನು ಹೊರಗಿನಿಂದ ವೇಷ ಮರೆಸಿಕೊಂಡು ಮನೆಯೊಳಕ್ಕೆ ಬರಬೇಕಾಗಿದ್ದಿತು. ಅಂಚೆಯ ಚಾರನಿಗೆ ಈ ಶ್ರಮವಿಲ್ಲ. ಸುದ್ದಿಯನ್ನು ಒಯ್ಯತಕ್ಕವನೇ ಸುದ್ದಿಯನ್ನು ಅರಿಯತಕ್ಕವನೂ ಆದನು. ಸೌಕರ್ಯಕ್ಕಾಗಿ ಏರ್ಪಟ್ಟ ದಾರಿಯೇ ಕಾವಲಿನ ದಾರಿಯಾಯಿತು.

ಮೈಸೂರು ಅಂಚೆಯು 1889ರಲ್ಲಿ ಬ್ರಿಟಿಷ್ ಇಂಡಿಯದ ಅಂಚೆಯೊಡನೆ ಲೀನವಾಯಿತು. ಆದರೆ ಆ ದಾರಿಯ ಗುಣವು ಇಂದು ಬೇರೆ ರೂಪದಲ್ಲಿ ಕಾಣಬರುತ್ತಿದೆ. ಎನ್. ಬೇಗೂರು ಬಂಡೀಪುರದ ಹುಲಿ ಸಂರಕ್ಷಿತ ಪ್ರದೇಶದ ಒಂದು ವಲಯವಾಗಿದೆ. ಇಂತಹ ಕಾಡುಗಳಲ್ಲಿ ಕಾವಲುಗಾರರು ನಡೆದ ಗಸ್ತಿನ ಜಾಡನ್ನು ಮೊಬೈಲಿನಲ್ಲಿ ದಾಖಲಿಸುವ ಕ್ರಮವು 2010ರ ಈಚೆಗೆ ದೇಶದಲ್ಲಿ ಬಳಕೆಗೆ ಬಂದಿತು. ಇದು ಕರ್ತವ್ಯದ ಲೆಕ್ಕವಾದುದರಿಂದ ಆಕ್ಷೇಪಾರ್ಹವಲ್ಲ. ಆದರೆ ನೌಕರನು ನಂಟರೊಡನೆ ಮಾತನಾಡುವುದೂ, ಹಬ್ಬದ ಚಿತ್ರವನ್ನು ಫೇಸ್‌ಬುಕ್ಕಿನಲ್ಲಿ ಹಾಕುವುದೂ, ರಾಜಕೀಯದ ವಿಷಯದಲ್ಲಿ ಅಸಮಾಧಾನವನ್ನು ಬರೆಯುವುದೂ ಮೊಬೈಲಿನಲ್ಲಿಯೇ. ಕೆಲಸ ಕೊಡುವುದಕ್ಕೆ ಮೊದಲೂ ಕೊಟ್ಟ ಮೇಲೂ ಇಂತಹ ಬರಹಗಳನ್ನು ಧಣಿಗಳು ಓದಿನೋಡುವುದು ಈಗ ಲೋಕದಲ್ಲೆಲ್ಲ ರೂಢಿಯಾಗಿದೆ. ಕೆಲಸದ ಓಲೆಯೂ ಮನೆಯ ಓಲೆಯೂ ಮತ್ತೆ ಒಂದೇ ಚೀಲಕ್ಕೆ ಬಿದ್ದಿವೆ.

ಇದಕ್ಕೆ ಕಟ್ಟು ಏನೆಂಬುದೇ ಪ್ರಶ್ನೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ಮಂದಿ ನ್ಯಾಯಾಧೀಶರು, 2017ರ ಆಗಸ್ಟ್ 24ರಂದು, ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ತೀರ್ಪಿತ್ತರು. ಈ ಹಕ್ಕು ಮುಖ್ಯವಾಗಿ ಸರ್ಕಾರದ ವಿರುದ್ಧ ನಿಲ್ಲತಕ್ಕದ್ದು; ಖಾಸಗಿ ಧಣಿಯನ್ನು ಕಟ್ಟುವುದಕ್ಕೆ ಶಾಸನವು ಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವಾದರೋ ಉದ್ಯೋಗದ ಉದ್ದೇಶಗಳಿಗೆ ನೌಕರನ ಸಮ್ಮತಿಯಿಲ್ಲದೆಯೇ ಅವನ ವಿವರಗಳನ್ನು ಬಳಸಲು ಎಡೆಗೊಟ್ಟಿದೆ. ಒಬ್ಬನು ತಾನಾಗಿ ಬಹಿರಂಗಪಡಿಸಿದ ವಿವರಗಳನ್ನು ತನ್ನ ವ್ಯಾಪ್ತಿಯಿಂದಲೇ ಹೊರಗಿಟ್ಟಿದೆ. ಮೂವರ ಮಾತು ಒಂದಾಗಬೇಕೆಂಬ, ತಪ್ಪಿದ ಚಾರನಿಗೆ ದಂಡನೆಯಾಗಬೇಕೆಂಬ ಹಳೆಯ ನಿಬಂಧನೆಗಳಿಗೆ ಸಮನಾದುದು ನೌಕರನ ಬಹಿರಂಗ ಬರಹವನ್ನು ಓದುವ ಧಣಿಗೆ ಇದರಲ್ಲಿ ಇಲ್ಲ.

ಪುಟ್ಟಸ್ವಾಮಿಯವರು ನ್ಯಾಯಾಧೀಶರಾಗಿದ್ದ ಬೆಂಗಳೂರಿನ ನ್ಯಾಯಾಲಯದ ಕಟ್ಟಡಕ್ಕೆ ಜನರು ಇಂದಿಗೂ ಅಠಾರಾ ಕಚೇರಿ, ಅಂದರೆ ಹದಿನೆಂಟು ಕಚೇರಿ, ಎನ್ನುತ್ತಾರೆ. ಚಿಕ್ಕದೇವರಾಜರ ಹದಿನೆಂಟು ಚಾವಡಿಗಳನ್ನು ನೆನಪಿಗೆ ತರತಕ್ಕ ಹೆಸರದು. ಆ ಹದಿನೆಂಟರಲ್ಲಿ ಬೇಹಿನ ಚಾವಡಿಯು ತನ್ನ ಕೆಲಸವನ್ನು ಹೆಸರಿನಲ್ಲಿಯೇ ಸಾರಿಕೊಂಡಿದ್ದಿತು. ಈಗಿನ ಬೇಹಿಗೆ ಹೆಸರೂ ಇಲ್ಲ, ಚಾವಡಿಯೂ ಇಲ್ಲ.