ಬೆಂಜ್ ಗಾಡಿಯ ಹೆಡ್ಡು

ಶಿಗ್ಲಿ ನೇಕಾರರ ಊರು. ಹಾಸು ಒಂದೆಡೆ ಬಿಗಿ, ಒಂದೆಡೆ ಸಡಿಲಾದರೆ ಬಟ್ಟೆ ಕೆಡುತ್ತದೆಂದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಲಾರಿ ಎಂಜಿನ್ನಿನ ಹೆಡ್ಡಿಗೂ ಅದೇ ಮಾತು.

1954ರಲ್ಲಿ ಟೆಲ್ಕೊ ಕಂಪನಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಸೇರಿ ಜಮ್ಶೆಡ್‌ಪುರದಲ್ಲಿ ಲಾರಿ ಕಟ್ಟತೊಡಗಿತು. 1969ರಲ್ಲಿ ಒಪ್ಪಂದ ಮುಗಿದು ಮೂತಿಯ ಮೇಲಿನ ನಕ್ಷತ್ರ ಹೋಯಿತು, ಟಾಟಾದ 'ಟಿ' ಬಂತು. ಹಳೆಯ ಡ್ರೈವರುಗಳ ಬಾಯಲ್ಲಿ ಮಾತ್ರ ಅದು ಬೆಂಜ್ ಗಾಡಿಯೇ.

ಅದರ ಆರು ಸಿಲಿಂಡರಿಗೂ ಉದ್ದನೆಯ ಒಂದೇ ಹೆಡ್. ಬಿಸಿಯಿದ್ದಾಗ ಬಿಚ್ಚಿದರೆ ಬಾಗುತ್ತದೆ. ಆರಿದ ಮೇಲೆ ತುದಿಯಿಂದ ನಡುವಿಗೆ ಬೋಲ್ಟ್ ಸಡಿಲಿಸಬೇಕು. ಕೂರಿಸುವಾಗ ಹೊಸ ಗ್ಯಾಸ್ಕೆಟ್ ಹಾಕಿ ನಡುವಿನಿಂದ ತುದಿಗೆ, ಎರಡು-ಮೂರು ಸುತ್ತಿನಲ್ಲಿ ಬಿಗಿಯಬೇಕು. ತಪ್ಪಿದರೆ ನೀರು ಆಯಿಲ್‌ಗೆ ಸೇರಿ ಬೇರಿಂಗ್ ಹೋಗುತ್ತವೆ. ಉಳ್ಳಾಗಡ್ಡಿ ಹೊತ್ತ ಗಾಡಿ ದಾರಿಯಲ್ಲೇ ಕೂರುತ್ತದೆ.

ಟಾರ್ಕ್ ರೆಂಚ್ ಇಲ್ಲದ ಗ್ಯಾರೇಜಿನಲ್ಲಿ ಮಿಸ್ತ್ರಿಯ ಕೈಯೇ ಅಳತೆ. ಆ ಕೈಗೆ ನಮ್ಮ ಗೌರವವಿದೆ. ಆದರೂ ನಿಮ್ಮ ಗಾಡಿಗೆ ರೆಂಚನ್ನೇ ಕೇಳಿ.