ಒಂದು ಯಂತ್ರ, ಹಲವು ಕಾಲ



2001ರ ಬೇಸಿಗೆ ರಜೆಯಲ್ಲಿ ನಿಮ್ಮಲ್ಲಿ ಕೆಲವರು ನನ್ನೊಡನೆ ಊರಿನ ಹಿರಿಯರ ಮನೆಮನೆಗೆ ತಿರುಗಿ, ಕೆರೆಯ ವಿಚಾರವಾಗಿ ಅವರು ಹೇಳಿದುದನ್ನೆಲ್ಲ ಬರೆದುಕೊಂಡದ್ದು ನೆನಪಿರಬಹುದು. ಕೋಡಿ ಹರಿದ ವರ್ಷಗಳು, ತೂಬು ತೆಗೆಯುವ ಕಟ್ಟುಪಾಡು, ನೀರಗಂಟಿಗೆ ಸುಗ್ಗಿಯಲ್ಲಿ ಸಲ್ಲುತ್ತಿದ್ದ ಆಯ, ಹೀಗೆ 19 ಮಂದಿಯ ಮಾತುಗಳನ್ನು ನಾನು ಮನೆಯ ಗಣಕಯಂತ್ರದಲ್ಲಿ ಬೆರಳಚ್ಚು ಮಾಡಿಟ್ಟಿದ್ದೆ. ಆ 19 ಮಂದಿಯಲ್ಲಿ ಇಂದು ಒಬ್ಬರೂ ಉಳಿದಿಲ್ಲ. ನಿಮ್ಮ ನೋಟುಪುಸ್ತಕಗಳು ಗೆದ್ದಲಿನ ಪಾಲಾದವು. ಉಳಿದದ್ದು ಒಂದು ಸಿ.ಡಿ. ಮಾತ್ರ.

ನಿವೃತ್ತನಾದ ಮೇಲೆ ಅದನ್ನು ಪುಸ್ತಕರೂಪಕ್ಕೆ ತರುವ ಆಸೆಯಿಂದ ಹೊಸ ಗಣಕಕ್ಕೆ ಸಿ.ಡಿ. ಹಾಕಿದೆ. ಕಡತಗಳ ಹೆಸರು ಕಾಣಿಸಿತೇ ಹೊರತು ಒಳಗಿನ ಒಂದು ಅಕ್ಷರವನ್ನೂ ಓದಲಾಗಲಿಲ್ಲ. ಆಗ ನಾನು ಬಳಸಿದ್ದ ಕನ್ನಡ ತಂತ್ರಾಂಶ 16 ಬಿಟ್ ಕಾಲದ್ದು. ಮನೆಯ ಹೊಸ ಯಂತ್ರವೋ 64 ಬಿಟ್‌ನದು, ಅದು ಅಷ್ಟು ಹಳೆಯ ತಂತ್ರಾಂಶವನ್ನು ಒಳಗೆ ಬಿಟ್ಟುಕೊಳ್ಳಲೇ ಇಲ್ಲ. ತೀರಿಹೋದವರ ಮಾತು ಕೈಯಲ್ಲಿದ್ದೂ ಕಿವಿಗೆ ಬೀಳದಂತಾಯಿತು.

ಬೆಂಗಳೂರಿನಲ್ಲಿ ಗಣಕ ಕ್ಷೇತ್ರದಲ್ಲಿ ದುಡಿಯುತ್ತಿರುವ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬ ದೀಪಾವಳಿಗೆ ಊರಿಗೆ ಬಂದಾಗ ಈ ಗೋಳನ್ನು ತೋಡಿಕೊಂಡೆ. ಅವನು, “ಹಳೇ ಕಂಪ್ಯೂಟರ್ ಹುಡುಕೋದು ಬೇಡ ಸಾರ್, ಹೊಸದರ ಒಳಗೇ ಒಂದು ಹಳೇದನ್ನ ಕೂರಿಸಿಕೊಡ್ತೀನಿ” ಎಂದ. ಅರ್ಧ ದಿನ ಕಳೆಯುವುದರೊಳಗೆ ಪರದೆಯ ಮೇಲೆ ಒಂದು ಚೌಕಟ್ಟು ತೆರೆದುಕೊಂಡು, ಅದರೊಳಗೆ ವಿಂಡೋಸ್ 98 ತನ್ನ ಹಳೆಯ ದನಿಯೊಡನೆ ಎದ್ದು ಕುಳಿತಿತು! ಹೊರಗೆ ಇಂದಿನ ವ್ಯವಸ್ಥೆ, ಒಳಗೆ ಕಾಲು ಶತಮಾನದ ಹಿಂದಿನದು. ಎರಡೂ ಏಕಕಾಲಕ್ಕೆ, ಒಂದೇ ಯಂತ್ರದಲ್ಲಿ. ಜೀವಮಾನವೆಲ್ಲ ಇತಿಹಾಸ ಪಾಠ ಮಾಡಿದ ನನಗೆ, ಈ ಉಪಾಯ ಮೊದಲು ಯಾರಿಗೆ ಹೊಳೆಯಿತು, ಏಕೆ ಹೊಳೆಯಿತು ಎಂಬ ಪ್ರಶ್ನೆ ಕಾಡದೆ ಬಿಡಲಿಲ್ಲ. ತಿಳಿದುಕೊಂಡದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಗಣಕದ ಆಪರೇಟಿಂಗ್ ಸಿಸ್ಟಂ ಅಥವಾ ಕಾರ್ಯಾಚರಣ ವ್ಯವಸ್ಥೆಯನ್ನು ಶಾಲೆಯ ಮುಖ್ಯೋಪಾಧ್ಯಾಯರಿಗೆ ಹೋಲಿಸಬಹುದು. ಕೊಠಡಿ, ಬೀಗದ ಕೈ, ಗಂಟೆ, ಹಾಜರಿ ಎಲ್ಲವೂ ಅವರ ಅಪ್ಪಣೆಯಂತೆ. ಒಂದೇ ಶಾಲೆಗೆ ಇಬ್ಬರು ಮುಖ್ಯೋಪಾಧ್ಯಾಯರಿದ್ದರೆ ಏನಾಗುವುದೆಂದು ವಿವರಿಸಬೇಕಾಗಿಲ್ಲ. ಇದಕ್ಕೊಂದು ಪರಿಹಾರವೆಂದರೆ ಪಾಳಿ ಪದ್ಧತಿ: ಬೆಳಿಗ್ಗೆ ಪ್ರಾಥಮಿಕ ಶಾಲೆ, ಮಧ್ಯಾಹ್ನ ಪ್ರೌಢಶಾಲೆ, ಕಟ್ಟಡ ಒಂದೇ. ಹಾರ್ಡ್ ಡಿಸ್ಕನ್ನು ಭಾಗ ಮಾಡಿ ಒಂದರಲ್ಲಿ ವಿಂಡೋಸ್, ಇನ್ನೊಂದರಲ್ಲಿ ಲಿನಕ್ಸ್ ಇರಿಸಿ, ಯಂತ್ರ ಶುರುವಾಗುವಾಗ ಬೇಕಾದುದನ್ನು ಆರಿಸಿಕೊಳ್ಳುವ ‘ಡ್ಯುಯಲ್ ಬೂಟ್’ ಕ್ರಮ ಇಂಥದು. ಆದರೆ ಇಲ್ಲಿ ಒಂದು ಎದ್ದಿರುವಾಗ ಇನ್ನೊಂದು ಮಲಗಿರಲೇಬೇಕು. ಎರಡನ್ನೂ ಒಟ್ಟಿಗೆ ನಡೆಸುವ ಕಥೆ ಬೇರೆ; ಅದು ಆರಂಭವಾದದ್ದು 1960ರ ದಶಕದ ಅಮೆರಿಕದಲ್ಲಿ.

1964ರ ಏಪ್ರಿಲ್ 7ರಂದು ಐಬಿಎಂ ಸಂಸ್ಥೆಯು ಸಿಸ್ಟಂ/360 ಎಂಬ ಗಣಕಗಳ ಕುಟುಂಬವನ್ನು ಪ್ರಕಟಿಸಿತು. ಅದಕ್ಕೂ ಮುಂಚೆ ಆ ಸಂಸ್ಥೆಯದೇ ಒಂದು ಮಾದರಿಗೆ ಬರೆದ ಪ್ರೋಗ್ರಾಂ ಸಾಮಾನ್ಯವಾಗಿ ಇನ್ನೊಂದು ಮಾದರಿಯಲ್ಲಿ ನಡೆಯುತ್ತಿರಲಿಲ್ಲ. ಯಂತ್ರ ಬದಲಿಸಿದವರು ವರ್ಷಗಟ್ಟಲೆ ಶ್ರಮಪಟ್ಟು ಬರೆಸಿದ್ದನ್ನು ಮತ್ತೆ ಮೊದಲಿನಿಂದ ಬರೆಸಬೇಕಿತ್ತು. ಹೊಸ ಕುಟುಂಬದ ಚಿಕ್ಕ ದೊಡ್ಡ ಯಂತ್ರಗಳೆಲ್ಲ ಬಹುಮಟ್ಟಿಗೆ ಒಂದೇ ಆದೇಶಗಳನ್ನು ಅರಿತಿದ್ದವು. ಅಷ್ಟೇ ಅಲ್ಲ, ಮಾದರಿ 30ರಂಥ ಯಂತ್ರಗಳು ಬೇಕಾದಾಗ ಹಳೆಯ 1401 ಗಣಕದಂತೆ ವೇಷ ಕಟ್ಟಿ ಹಳೆಯ ಪ್ರೋಗ್ರಾಂಗಳನ್ನು ನಡೆಸಬಲ್ಲವಾಗಿದ್ದವು. ಆದರೆ ಇಡೀ ಕುಟುಂಬಕ್ಕೆಂದು ಸಿದ್ಧವಾಗುತ್ತಿದ್ದ ಓಎಸ್/360 ಎಂಬ ಕಾರ್ಯಾಚರಣ ವ್ಯವಸ್ಥೆ ತಡವಾಯಿತು, ಗಾತ್ರದಲ್ಲೂ ಬೆಳೆಯಿತು. ಚಿಕ್ಕ ಯಂತ್ರಗಳಿಗೆ ಡಾಸ್/360 ಎಂಬ ಮತ್ತೊಂದನ್ನು ಕೊಡಬೇಕಾಯಿತು. ಯಂತ್ರಗಳ ಭೇದ ಅಳಿಯಿತೆನ್ನುವಾಗಲೇ ವ್ಯವಸ್ಥೆಗಳ ಭೇದ ತಲೆಯೆತ್ತಿತು.

ಇದೇ ಸಮಯದಲ್ಲಿ ಮಸಾಚುಸೆಟ್ಸ್ ರಾಜ್ಯದ ಕೇಂಬ್ರಿಜ್ ಪಟ್ಟಣದಲ್ಲಿ ಐಬಿಎಂನ ಒಂದು ಚಿಕ್ಕ ವಿಜ್ಞಾನ ಕೇಂದ್ರ ಕೆಲಸ ಮಾಡುತ್ತಿತ್ತು. ಅಲ್ಲಿಯ ರಾಬರ್ಟ್ ಕ್ರೀಸಿಯವರ ತಂಡದ ಮುಂದಿದ್ದ ಸಮಸ್ಯೆ, ದುಬಾರಿಯಾದ ಒಂದು ಯಂತ್ರವನ್ನು ಹಲವರು ಏಕಕಾಲಕ್ಕೆ ಬಳಸುವುದು ಹೇಗೆಂಬುದು. ಅವರ ಉತ್ತರ ವಿಲಕ್ಷಣವಾಗಿತ್ತು: ಯಂತ್ರವನ್ನು ಹಂಚುವುದಕ್ಕೆ ಬದಲಾಗಿ, ಪ್ರತಿಯೊಬ್ಬರಿಗೂ ಒಂದು ಪೂರ್ಣ ಯಂತ್ರವೇ ದೊರೆತಿದೆಯೆಂಬ ಭ್ರಮೆಯನ್ನು ನಿರ್ಮಿಸುವುದು. ಸಿಪಿ-40 ಎಂಬ ಈ ತಂತ್ರಾಂಶವು 1967ರ ಜನವರಿಯಲ್ಲಿ ಬಳಕೆಗೆ ಬಂದಿತು. ಮಾರ್ಪಡಿಸಿದ ಒಂದೇ ಮಾದರಿ 40 ಯಂತ್ರವು 14 ಯಂತ್ರಗಳಂತೆ ತೋರಿತು. ಇವನ್ನೇ ‘ವರ್ಚುವಲ್ ಮಷೀನ್’ ಎಂದರು, ಮಿಥ್ಯಾಯಂತ್ರ ಎನ್ನೋಣ.

ಆಗ ಕಾರ್ಯಾಚರಣ ವ್ಯವಸ್ಥೆಯ ಕೇಂದ್ರಭಾಗವನ್ನು ಸೂಪರ್‌ವೈಸರ್ ಎನ್ನುತ್ತಿದ್ದರು. ಅದರ ಮೇಲೂ ಒಂದು ಕಣ್ಣಿಟ್ಟಿರುವ ಇಂಥ ತಂತ್ರಾಂಶಕ್ಕೆ ಹೈಪರ್‌ವೈಸರ್ ಎಂಬ ಹೆಸರು ನಿಂತಿತು. ನಮ್ಮ ಉಪಮೆಯಲ್ಲಿ ಹೇಳುವುದಾದರೆ, ಹಲವು ಮುಖ್ಯೋಪಾಧ್ಯಾಯರು ಇಡೀ ಕಟ್ಟಡ ತಮ್ಮದೇ ಎಂದು ನಂಬಿ ಕುಳಿತಿರುತ್ತಾರೆ. ಪಾಠಪ್ರವಚನ ತಮ್ಮಷ್ಟಕ್ಕೆ ನಡೆಯುತ್ತದೆ. ಆದರೆ ಯಾರೇ ಬೀಗದ ಕೈಗೆ ಕೈಯಿಟ್ಟರೂ, ಕಣ್ಣಿಗೆ ಕಾಣದ ಕ್ಷೇತ್ರ ಶಿಕ್ಷಣಾಧಿಕಾರಿಯೊಬ್ಬರು ನಡುವೆ ತಡೆದು, ಇನ್ನೊಬ್ಬರಿಗೆ ತೊಂದರೆಯಾಗದಂತೆ ಆ ಕೆಲಸವನ್ನು ತಾವೇ ಮಾಡಿಕೊಡುತ್ತಾರೆ. ಕೇಳಿದವರಿಗೆ ಅದರ ಸುಳಿವೇ ಇರುವುದಿಲ್ಲ.

ಸಿಪಿ-40ರ ನಂತರ ಸಿಪಿ-67 ಬಂದಿತು. 1972ರ ಆಗಸ್ಟ್ 2ರಂದು ವಿಎಂ/370 ಎಂಬ ಹೆಸರಿನಲ್ಲಿ ಇದು ಐಬಿಎಂನ ಅಧಿಕೃತ ಉತ್ಪನ್ನವಾಯಿತು. ಹಲವರಿಗೆ ಯಂತ್ರ ಹಂಚಲು ಹುಟ್ಟಿದ ಈ ಉಪಾಯದ ಮತ್ತೊಂದು ಗುಣ ಆಗ ಗ್ರಾಹಕರ ಗಮನಕ್ಕೆ ಬಂದಿತು. ಡಾಸ್‌ನಿಂದ ಓಎಸ್‌ಗೆ ಬದಲಾಗಬೇಕಾದವರು ಎರಡನ್ನೂ ಒಂದೇ ಯಂತ್ರದಲ್ಲಿ ಅಕ್ಕಪಕ್ಕದಲ್ಲಿ ನಡೆಸಬಹುದಿತ್ತು. ಸಂಬಳದ ಪಟ್ಟಿ ಹಳೆಯದರಲ್ಲೇ ತಯಾರಾಗುತ್ತಿರಲು, ಹೊಸ ಆವೃತ್ತಿಯನ್ನು ಪಕ್ಕದಲ್ಲಿ ಪರೀಕ್ಷಿಸಿ, ಕೆಲಸಗಳನ್ನು ಒಂದೊಂದಾಗಿ ಅತ್ತ ಸಾಗಿಸಬಹುದಿತ್ತು. ಈ ಪರಂಪರೆ ಇಂದಿಗೂ ಐಬಿಎಂನ ಝಡ್/ವಿಎಂ ಎಂಬ ವ್ಯವಸ್ಥೆಯಲ್ಲಿ ಮುಂದುವರಿದಿದೆ.

ಹಾಗಾದರೆ ಮನೆಮನೆಯ ಗಣಕಕ್ಕೆ ಇದು ಬರಲು ಏಕೆ ತಡವಾಯಿತು? 1974ರಲ್ಲಿ ಜೆರಾಲ್ಡ್ ಪೋಪೆಕ್ ಮತ್ತು ರಾಬರ್ಟ್ ಗೋಲ್ಡ್‌ಬರ್ಗ್ ಒಂದು ಪ್ರಬಂಧದಲ್ಲಿ ಇದರ ನಿಯಮವನ್ನು ವಿವರಿಸಿದ್ದರು. ಅದರ ಸಾರವಿಷ್ಟೇ: ಯಂತ್ರದ ಒಡೆತನಕ್ಕೆ ಸಂಬಂಧಿಸಿದ ಯಾವ ಆದೇಶವೂ ಮೇಲಿನವರ ಕಣ್ತಪ್ಪಿಸಿ ನಡೆಯಬಾರದು. ನಮ್ಮ ಗಣಕಗಳಲ್ಲಿದ್ದ ಎಕ್ಸ್86 ಜಾತಿಯ ಸಂಸ್ಕಾರಕಗಳಲ್ಲಿ ಹಾಗೆ ಕಣ್ತಪ್ಪಿಸುವ ಆದೇಶಗಳಿದ್ದವು. ಪೆಂಟಿಯಂನಲ್ಲಿ ಅಂಥ 17ನ್ನು ಸಂಶೋಧಕರು ಗುರುತಿಸಿದರು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 1997ರಲ್ಲಿ ಡಿಸ್ಕೋ ಎಂಬ ಸಂಶೋಧನೆ ನಡೆಸಿದ್ದ ಮೆಂಡೆಲ್ ರೋಸೆನ್‌ಬ್ಲಮ್, ಡಯೇನ್ ಗ್ರೀನ್ ಮೊದಲಾದವರೊಡಗೂಡಿ 1998ರಲ್ಲಿ ವಿಎಂವೇರ್ ಸಂಸ್ಥೆಯನ್ನು ಕಟ್ಟಿದರು. ತುಂಟ ಆದೇಶಗಳನ್ನು ನಡೆಯುವ ಮೊದಲೇ ಗುರುತಿಸಿ, ಅಪಾಯವಿಲ್ಲದ ಬೇರೆ ಆದೇಶಗಳಾಗಿ ಮಾರ್ಪಡಿಸುವುದು ಅವರ ಜಾಣ್ಮೆ. 1999ರಲ್ಲಿ ಅವರ ತಂತ್ರಾಂಶ ಮಾರುಕಟ್ಟೆಗೆ ಬಂದಿತು. 2003ರಲ್ಲಿ ಇನ್ನೊಂದು ಕೇಂಬ್ರಿಜ್‌ನಿಂದ, ಅಂದರೆ ಇಂಗ್ಲೆಂಡಿನ ವಿಶ್ವವಿದ್ಯಾಲಯದಿಂದ, ಝೆನ್ ಎಂಬುದು ಬಂದಿತು. ಇಂಟೆಲ್ 2005ರಲ್ಲೂ ಎಎಂಡಿ 2006ರಲ್ಲೂ ಈ ಸೌಕರ್ಯವನ್ನು ಸಂಸ್ಕಾರಕದೊಳಕ್ಕೇ ಸೇರಿಸಿದವು. 2007ರಲ್ಲಿ ವರ್ಚುವಲ್‌ಬಾಕ್ಸ್ ಮುಕ್ತ ತಂತ್ರಾಂಶವಾಗಿ ದೊರೆಯಿತು. 2009ರಲ್ಲಿ ವಿಂಡೋಸ್ 7ರ ಕೆಲವು ಆವೃತ್ತಿಗಳಿಗೆ, ಹಳೆಯ ತಂತ್ರಾಂಶಗಳನ್ನು ನಡೆಸಲೆಂದೇ ಒಳಗೊಂದು ಎಕ್ಸ್‌ಪಿಯನ್ನು ಕೂರಿಸುವ ಸೌಲಭ್ಯವನ್ನೂ ಮೈಕ್ರೋಸಾಫ್ಟ್ ನೀಡಿತ್ತು.

ಈ ಇತಿಹಾಸದಿಂದ ನಾನು ಕಲಿತ ಪಾಠ ಒಂದೇ. ಹೊಸದನ್ನು ಕಟ್ಟುವವರು ಹಳೆಯದಕ್ಕೆ ಒಂದು ಕೋಣೆಯನ್ನು ಬಿಡದಿದ್ದರೆ, ಹಿಂದಿನವರ ದುಡಿಮೆ ಕಣ್ಣೆದುರಿಗಿದ್ದೂ ಇಲ್ಲವಾಗುತ್ತದೆ.

ಆ ಸಂಜೆ ಚೌಕಟ್ಟಿನೊಳಗಿನ ಹಳೆಯ ತಂತ್ರಾಂಶದಲ್ಲಿ ನಾನು ಮೊದಲು ತೆರೆದದ್ದು ನಮ್ಮ ನೀರಗಂಟಿಯ ಮಾತುಗಳನ್ನು. “ಬರದ ವರ್ಸ ನೀರು ಮೊದ್ಲು ಕಡೇ ಗದ್ದೆಗೆ ಹೋಗ್ಬೇಕು ಸಾಮಿ. ಮೊದ್ಲ ಗದ್ದೆಯೋನು ತೂಬಿನ ಪಕ್ಕದಲ್ಲೇ ಅವ್ನೆ, ಅವ್ನಿಗೆ ಹೆಂಗಾದ್ರೂ ಸಿಕ್ತದೆ.” ಇಂಥದೊಂದು ಕಟ್ಟಳೆ ಇತ್ತೆಂಬುದು ಇಂದು ಕೆರೆಯ ಕೆಳಗೆ ಸಾಗುವಳಿ ಮಾಡುತ್ತಿರುವ ಹುಡುಗರಲ್ಲಿ ನಾನು ಕೇಳಿದ ಯಾರಿಗೂ ತಿಳಿದಿರಲಿಲ್ಲ. ನಾನೂ ಮರೆತಿದ್ದೆ.

ಆದರೆ ಮಿಥ್ಯಾಯಂತ್ರವೂ ಚಿರಂಜೀವಿಯಲ್ಲ. ಅದನ್ನು ನಡೆಸುವ ತಂತ್ರಾಂಶಕ್ಕೂ ಒಂದು ದಿನ ವಯಸ್ಸಾಗುತ್ತದೆ. ಆದುದರಿಂದ ಆ ಚೌಕಟ್ಟನ್ನು ಒಂದು ಪಕ್ಕದಲ್ಲಿಟ್ಟುಕೊಂಡು, ಎಲ್ಲವನ್ನೂ ಯುನಿಕೋಡ್‌ನಲ್ಲಿ ಮತ್ತೆ ಬೆರಳಚ್ಚು ಮಾಡುತ್ತಿದ್ದೇನೆ. ಏಳು ಮಂದಿಯ ಮಾತು ಮುಗಿದಿದೆ, ಹನ್ನೆರಡು ಮಂದಿಯದು ಬಾಕಿ. ಕಣ್ಣು ಮೊದಲಿನಂತಿಲ್ಲ. ಅಂದು ನನ್ನೊಡನೆ ತಿರುಗಿದವರಲ್ಲಿ ಯಾರಾದರೂ ತಲಾ ಒಬ್ಬ ಹಿರಿಯರ ಪುಟಗಳನ್ನು ವಹಿಸಿಕೊಳ್ಳುವಿರಾದರೆ ಮನೆಗೆ ಬನ್ನಿ. ಪುಟಗಳನ್ನು ಅಚ್ಚು ಹಾಕಿಸಿ ಕೊಡುತ್ತೇನೆ. ನಿಮ್ಮದೇ ಕೈಬರಹದಿಂದ ಬಂದ ಮಾತುಗಳವು.