ಗುಡ್ನಾಪುರದ ಸ್ತಂಭ, ಬನವಾಸಿಯ ಪ್ರಶಸ್ತಿ

ಶಿರಸಿ ತಾಲ್ಲೂಕಿನ ಗುಡ್ನಾಪುರದಲ್ಲಿ ಕದಂಬ ರವಿವರ್ಮನ ಸ್ತಂಭಶಾಸನ ದೊರೆತಿದೆ. ಸಂಸ್ಕೃತ ಪದ್ಯಗಳ ಈ ಶಾಸನ ಅರಸುಮನೆತನದ ವಂಶಾವಳಿಯ ಜೊತೆಗೆ ಕಾಮನ ಆಲಯ, ಅರಮನೆ, ನೃತ್ಯಶಾಲೆ, ವಸಂತೋತ್ಸವಗಳನ್ನೂ ಹೆಸರಿಸುತ್ತದೆ. ಕಲೆಗೂ ವಾರ್ಷಿಕ ಹಬ್ಬಕ್ಕೂ ಈ ನೆಲದಲ್ಲಿದ್ದ ನಂಟಿಗೆ ಇಷ್ಟು ಹಳೆಯ ಲಿಖಿತ ಸಾಕ್ಷ್ಯ ಉಳಿದಿರುವುದು ನಿಜಕ್ಕೂ ಅಪರೂಪದ ಭಾಗ್ಯ.

ಕದಂಬರ ರಾಜಧಾನಿಯಾಗಿದ್ದ ಸಮೀಪದ ಬನವಾಸಿಯನ್ನು ಕವಿ ಪಂಪ 941ರ ಸುಮಾರಿಗೆ ತನ್ನ ‘ವಿಕ್ರಮಾರ್ಜುನ ವಿಜಯ’ದಲ್ಲಿ ಮನಸಾರೆ ಹೊಗಳಿದ. ಅವನ ಹೆಸರಿನಲ್ಲಿ ಕರ್ನಾಟಕ ಸರ್ಕಾರ 1987ರಲ್ಲಿ ಸ್ಥಾಪಿಸಿದ ಪಂಪ ಪ್ರಶಸ್ತಿ ಬನವಾಸಿಯ ಕದಂಬೋತ್ಸವದೊಂದಿಗೆ ಬೆಸೆದುಕೊಂಡಿತು. ಮೊದಲ ಪ್ರಶಸ್ತಿ ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ಗೆ ಸಂದಿತು. ಆರಂಭದಲ್ಲಿ ಆಯ್ಕೆಯಾಗುತ್ತಿದ್ದುದು ಒಂದು ಕೃತಿ; 1996ರಿಂದ ಲೇಖಕರ ಒಟ್ಟು ಸಾಹಿತ್ಯ ಸಾಧನೆಯನ್ನು ಗಣಿಸುವ ಪದ್ಧತಿ ಬಂತು. ಒಂದೇ ಪುಸ್ತಕದ ಅಳತೆಗೆ ಸಿಗದ ದೀರ್ಘ ದುಡಿಮೆಗೂ ಇದರಿಂದ ಮನ್ನಣೆ ದೊರೆಯಿತು.